ಮೂರನೇ ಸಾಲಿನ ಪಾನಕ

ಅವನಿಯ ಕೈಯಿಂದ ಲೋಟ ಜಾರಿದಾಗ ಯಾರೂ ತಿರುಗಿ ನೋಡಲಿಲ್ಲ. ಕಾಗದದ ಲೋಟ. ಸದ್ದಾಗಲಿಲ್ಲ.

ಆಮೇಲೆ ಒಂದು ಸಣ್ಣ ಸೀಟಿ ಕೇಳಿಸಿತು. ಒಂಬತ್ತು ವರ್ಷದ ಹುಡುಗಿಯ ಎದೆಯೊಳಗಿನಿಂದ ಬರುತ್ತಿದ್ದ ಸೀಟಿ. ಅವಳು ಅಳಲಿಲ್ಲ, ಕೂಗಲಿಲ್ಲ. ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಭುಜ ಮೇಲೆತ್ತಿ, ಒಂದು ಗುಟುಕು ಗಾಳಿಗಾಗಿ ಹೆಣಗುತ್ತಿದ್ದಳು. ಅವಳ ತಂದೆ ರಮಾನಂದ ಸಭಾಂಗಣದ ಆ ತುದಿಯಿಂದ ಓಡಿಬಂದರು.

"ಇನ್‌ಹೇಲರ್ ಎಲ್ಲಿ? ಪುಟ್ಟಾ, ಇನ್‌ಹೇಲರ್ ಎಲ್ಲಿಟ್ಟೆ?"

ಅದು ಅವಳ ಜಾಕೆಟ್‌ನ ಜೇಬಿನಲ್ಲಿತ್ತು. ಜಾಕೆಟ್ ಬಾಗಿಲಾಚೆ, ಎಪ್ಪತ್ತು ಕಪ್ಪು ಜಾಕೆಟ್‌ಗಳ ನಡುವೆ ಎಲ್ಲೋ ನೇತಾಡುತ್ತಿತ್ತು.

ಸಿಕ್ಕಿತು. ಆಂಬುಲೆನ್ಸ್ ಕೂಡ ಬೇಗ ಬಂತು. ಸಂಜೆ ಆಸ್ಪತ್ರೆಯಿಂದ ಅವಳ ತಾಯಿ ಲಾವಣ್ಯಾ ಫೋನ್ ಮಾಡಿ, ಮಗಳು ಚೆನ್ನಾಗಿದ್ದಾಳೆ, ಐಸ್‌ಕ್ರೀಮ್ ಬೇಕಂತೆ ಎಂದರು. ಅಷ್ಟು ಹೊತ್ತಿಗೆ ಸ್ವೀಡನ್ನಿನ ಉಮೆಯೊ ಊರಿನ ಕನ್ನಡಿಗರ ರಾಮನವಮಿ ಅರ್ಧಕ್ಕೇ ಮುಗಿದಿತ್ತು. ಬಾಡಿಗೆ ಸಭಾಂಗಣದಲ್ಲಿ ರಾಮನ ಪಟದ ಮುಂದೆ ಬ್ಯಾಟರಿ ದೀಪಗಳು ಮಾತ್ರ ಮಿಣುಗುತ್ತಿದ್ದವು. ಕೋಸಂಬರಿಯನ್ನು ಯಾರಿಗೂ ಬಡಿಸಿರಲಿಲ್ಲ.

ಅಂದು ಹಂಚುವ ಕೆಲಸದಲ್ಲಿ ನಾನೂ ಇದ್ದೆ. ಮೊದಲ ಎರಡು ಸಾಲಿಗೆ ಬಸವರಾಜ ಪಾನಕ ಕೊಟ್ಟರು, ಮಕ್ಕಳು ಕೂತಿದ್ದ ಮೂರನೇ ಸಾಲಿಗೆ ನಾನು. ಹೊರಗೆ ಹಿಮ ಇನ್ನೂ ಕರಗಿರಲಿಲ್ಲ. ಆ ಊರಿನಲ್ಲಿ ರಾಮನವಮಿಗೆ ಪಾನಕವನ್ನು ತಣ್ಣಗೆ ಕೊಟ್ಟರೆ ಯಾರೂ ಮುಟ್ಟುವುದಿಲ್ಲ, ಬೆಚ್ಚಗೇ ಕೊಡಬೇಕು. ಎಣಿಸಿದ್ದಕ್ಕಿಂತ ಜನ ಹೆಚ್ಚು ಬಂದಿದ್ದರು. ಕೊನೆಯಲ್ಲಿ ಕೊಳಗದ ತಳ ಕಾಣುತ್ತಿತ್ತು. ಬಿಸಿನೀರು ಬೆರೆಸಿ, ರುಚಿ ಸರಿಮಾಡಿ, ಹೇಗೋ ಎಲ್ಲರಿಗೂ ಸಾಲುವಂತೆ ನೋಡಿಕೊಂಡೆ.

ಸೋಮವಾರ ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ರಮಾನಂದರ ಸಂದೇಶ ಬಂತು.

"ನನ್ನ ಮಗಳು ಪಾನಕ ಕುಡಿದು ಎರಡೇ ನಿಮಿಷಕ್ಕೆ ಉಸಿರು ಕಟ್ಟಿತು. ಪಾನಕ ಮಾಡಿದವರು ಯಾರು ಅಂತ ಎಲ್ಲರಿಗೂ ಗೊತ್ತು. ಬೆಲ್ಲದಲ್ಲಿ ಕೆಮಿಕಲ್ ಇತ್ತು. ಇಂಥವರು ಹೋಟೆಲ್ ತೆಗೀತಾರಂತೆ. ಶುಕ್ರವಾರ ಕೊಮ್ಯೂನ್‌ಗೆ ಕಂಪ್ಲೇಂಟ್ ಕೊಡ್ತೀನಿ."

ಎಪ್ಪತ್ತು ಜನ ಅದನ್ನು ಓದಿದರು. ಒಬ್ಬರೂ ಉತ್ತರಿಸಲಿಲ್ಲ. ಆ ಗುಂಪಿನಲ್ಲಿ ಅಷ್ಟು ಹೊತ್ತಿನ ಮೌನವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನೂ ಆ ಮೌನದೊಳಗೇ ಇದ್ದೆ.

*

ಪಾನಕ ಮಾಡಿದವರು ಪದ್ಮಿನಿ. ಎಂಟು ವರ್ಷ ಒಂದು ಶಿಶುವಿಹಾರದ ಅಡುಗೆಮನೆಯಲ್ಲಿ ದುಡಿದು, ಈಗ ನದಿಯ ಪಕ್ಕದಲ್ಲಿ ನಾಲ್ಕು ಮೇಜಿನ ಊಟದ ಮನೆ ತೆರೆಯಲು ಹೊರಟಿದ್ದರು. ಅನ್ನ, ಸಾರು, ಪಲ್ಯ, ವಾರಕ್ಕೊಮ್ಮೆ ಬಿಸಿಬೇಳೆಬಾತ್. ಕೊಮ್ಯೂನ್‌ನಲ್ಲಿ, ಅಂದರೆ ಊರಿನ ನಗರಸಭೆಯಲ್ಲಿ, ನೋಂದಣಿಯಾಗಿತ್ತು. ಮುಂದಿನ ಸೋಮವಾರವೇ ಆರಂಭ.

ಮಂಗಳವಾರ ಸಂಜೆ ಅವರು ಸರಸ್ವತಕ್ಕನಿಗೆ ಫೋನ್ ಮಾಡಿದರು. ನಾನು ಸರಸ್ವತಕ್ಕನ ಅಡುಗೆಮನೆಯಲ್ಲೇ ಚಪಾತಿ ಬೇಯಿಸುತ್ತಿದ್ದೆ. ಅವರ ಮನೆಯ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಹೆಸರು ಚಿರಂತನ್, ವಿಶ್ವವಿದ್ಯಾಲಯದಲ್ಲಿ ಎರಡನೇ ಪದವಿ ಓದುತ್ತಿದ್ದೇನೆ.

"ಊಟದ ಮನೆ ಕೀಲಿ ಮಾಲೀಕರಿಗೆ ವಾಪಸ್ ಕೊಡ್ತೀನಿ ಸರಸ್ವತಿ, ಶುಕ್ರವಾರ," ಎಂದಿತು ಫೋನಿನ ಧ್ವನಿ. "ಅವರು ಕಂಪ್ಲೇಂಟ್ ಕೊಡ್ಲಿ, ಬಿಡ್ಲಿ, ಅದಲ್ಲ. ನನ್ನ ಕೈಯಡುಗೆಯಿಂದ ಒಂದು ಮಗುಗೆ ಉಸಿರು ಕಟ್ತು ಅಂದ್ಮೇಲೆ ನಾನು ಒಲೆ ಮುಂದೆ ಹೇಗೆ ನಿಲ್ಲೋದು?"

"ನಿನ್ನ ಪಾನಕದಿಂದಲೇ ಆಯ್ತು ಅಂತ ಗೊತ್ತಾಯ್ತಾ?"

"ಬೇರೆ ಇನ್ಯಾವುದರಿಂದ?"

"ಅದನ್ನೇ ನಾನು ಕೇಳ್ತಿರೋದು," ಎಂದರು ಸರಸ್ವತಕ್ಕ. "ಶುಕ್ರವಾರದ ತನಕ ಕೀಲಿ ಕೈಬಿಡಬೇಡ."

ಸರಸ್ವತಕ್ಕ ಧಾರವಾಡದವರು. ಬೆಂಗಳೂರಿನವರೇ ತುಂಬಿದ ನಮ್ಮ ಗುಂಪಿನಲ್ಲಿ ಅವರ ಮಾತು ಸ್ವಲ್ಪ ಮೆತ್ತಗಾಗಿದೆ; ತಲೆ ಚುರುಕಾದಾಗ ಮಾತ್ರ ಊರಿನ ಮಾತು ಹೊರಗೆ ಬರುತ್ತದೆ. ಕೆಲಸ, ಒಂದು ದೊಡ್ಡ ಶಾಲೆಯಲ್ಲಿ ವಿಶೇಷ ಆಹಾರದ ಅಡುಗೆ. ಹಾಲು ಆಗದವರು, ಗೋಧಿ ಆಗದವರು, ಕಡಲೆಕಾಯಿಯ ವಾಸನೆಯೂ ಆಗದವರು — ನಲವತ್ತಮೂರು ಮಕ್ಕಳು, ನಲವತ್ತಮೂರು ಕಾರ್ಡು. ದಿನವಿಡೀ ಪೊಟ್ಟಣಗಳ ಹಿಂಬದಿಯ ಸಣ್ಣ ಅಕ್ಷರ ಓದುವುದೇ ಅವರ ಬದುಕು. ಹದಿನಾಲ್ಕು ವರ್ಷದಲ್ಲಿ ಒಂದು ಮಗುವಿಗೂ ತುರಿಕೆ ಕೂಡ ಬಂದಿಲ್ಲ.

"ತಮ್ಮಾ, ನಾಳೆ ಫ್ರೀ ಇದ್ದೀಯಾ?" ಎಂದು ನನ್ನನ್ನು ಕೇಳಿದರು. "ನೀನು ಜೊತೆಗಿದ್ರೆ ಒಳ್ಳೇದು. ನೀನು ಮಾತಾಡಲ್ಲ. ಎದುರಿಗಿರೋರು ಮಾತಾಡ್ತಾರೆ."

*

ಬುಧವಾರ, ಪದ್ಮಿನಿ ಆಂಟಿಯ ಮನೆ. ಮೇಜಿನ ಮೇಲೆ ಕಾಫಿ ಇತ್ತು. ಯಾರೂ ಕುಡಿಯುತ್ತಿರಲಿಲ್ಲ.

"ಪಾನಕಕ್ಕೆ ಏನೇನು ಹಾಕಿದೆ? ಒಂದೊಂದೇ ಹೇಳು."

"ಬೆಲ್ಲ. ನೀರು. ಶುಂಠಿ ಪುಡಿ, ಏಲಕ್ಕಿ, ಚೂರು ಮೆಣಸು. ನಿಂಬೆಹಣ್ಣು."

"ಎಷ್ಟು ಹಣ್ಣು?"

"ನಲವತ್ತು. ನಾನೇ ಹಿಂಡಿದ್ದು. ನೋಡು, ಬೆರಳು ಇನ್ನೂ ಉರೀತಿದೆ."

"ರುಚಿ ನೋಡಿದ್ಯಾ?"

ಪದ್ಮಿನಿ ಆಂಟಿ ಅವರನ್ನೇ ದಿಟ್ಟಿಸಿದರು. "ನೈವೇದ್ಯಕ್ಕೆ ಮುಂಚೆ ಯಾರಾದ್ರೂ ರುಚಿ ನೋಡ್ತಾರಾ? ಅಳತೆ ಮೇಲೆ ಮಾಡಿದ್ದು. ಇಪ್ಪತ್ತೈದು ವರ್ಷದಿಂದ ಅಳತೆ ಮೇಲೇ ಮಾಡ್ತಿರೋದು."

"ಪಾತ್ರೆ?"

"ಸ್ಟೀಲ್ ಕೊಳಗ. ನನ್ನದೇ."

"ಏನಾದ್ರೂ ಉಳಿದಿದ್ಯಾ?"

ಪದ್ಮಿನಿ ಆಂಟಿ ಎದ್ದು ಫ್ರೀಜರ್ ತೆರೆದರು. ಒಂದು ಸಣ್ಣ ಡಬ್ಬಿ. ಮೇಲೆ ಅಂಟಿಸಿದ ಚೀಟಿಯಲ್ಲಿ ದಿನಾಂಕ, ಹೊತ್ತು, 'ಪಾನಕ'. ಶಿಶುವಿಹಾರದಲ್ಲಿ ಬಡಿಸಿದ ಪ್ರತಿ ಅಡುಗೆಯಿಂದಲೂ ಒಂದು ಚೂರು ತೆಗೆದು ಫ್ರೀಜರ್‌ನಲ್ಲಿ ಇಡುತ್ತಾರೆ; ಯಾರಿಗಾದರೂ ಹೊಟ್ಟೆ ಕೆಟ್ಟರೆ ಪರೀಕ್ಷಿಸಲು. ಎಂಟು ವರ್ಷದ ಅಭ್ಯಾಸ ಕೈಗಂಟಿತ್ತು.

"ನೈವೇದ್ಯಕ್ಕೆ ಮುಂಚೆ ತೆಗೆಯೋ ಹಾಗಿಲ್ಲ. ಅದಕ್ಕೆ ಮಂಗಳಾರತಿ ಆದ್ಮೇಲೆ ದೇವರ ಮುಂದಿಟ್ಟ ಬೆಳ್ಳಿ ಲೋಟದಿಂದಲೇ ತೆಗೆದೆ," ಎಂದರು. ಆಮೇಲೆ, ಸ್ವಲ್ಪ ನಾಚಿಕೆಯಿಂದ, "ರಾಮನಿಗೆ ಕೊಟ್ಟಿದ್ದೇ ಸ್ಯಾಂಪಲ್."

ಎರಡು ದಿನಗಳಲ್ಲಿ ಸರಸ್ವತಕ್ಕ ಮೊದಲ ಬಾರಿಗೆ ನಕ್ಕರು.

ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದರು. ಒಳಗಿದ್ದುದು ಡಿಕಾಕ್ಷನ್‌ನಷ್ಟು ಕಪ್ಪು. ಸರಸ್ವತಕ್ಕ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದರು, ಅದರೊಳಗೆ ಕಾಗದದ ತೆಳು ಪಟ್ಟಿಗಳು. ಅವರ ಶಾಲೆಯ ಅಡುಗೆಯವನೊಬ್ಬ ಮನೆಯಲ್ಲಿ ಹಣ್ಣಿನ ವೈನ್ ಮಾಡುತ್ತಾನೆ, ಅವನದು.

"ರಮಾನಂದ್ ಹೇಳಿದ್ದು ಪೂರಾ ಸುಳ್ಳಲ್ಲ," ಎಂದರು. "ಸಲ್ಫೈಟ್ ಅಂತ ಒಂದು ಗುಂಪಿದೆ. ಪೊಟ್ಟಣದ ಮೇಲೆ ಇ 220ರಿಂದ 228ರ ತನಕ ಬರೆದಿರುತ್ತೆ. ಒಣಹಣ್ಣು ಕಪ್ಪಾಗಬಾರದು, ವೈನ್ ಕೆಡಬಾರದು ಅಂತ ಹಾಕ್ತಾರೆ. ಕೆಲವು ಆಲೆಮನೆಗಳಲ್ಲಿ ಬೆಲ್ಲ ಬಂಗಾರದ ಬಣ್ಣ ಬರಲಿ ಅಂತ ಹಾಕೋ ಪುಡಿಯಿಂದಲೂ ಅದೇ ಉಳಿಯುತ್ತೆ. ಹೆಚ್ಚಿನ ಜನಕ್ಕೆ ಏನೂ ಆಗಲ್ಲ. ಅಸ್ತಮಾ ಇರೋರಲ್ಲಿ ಕೆಲವರಿಗೆ ಮಾತ್ರ ಎದೆ ಬಿಗಿಯುತ್ತೆ. ನಿಮಿಷಗಳಲ್ಲಿ."

"ನನ್ನ ಬೆಲ್ಲ ಕಪ್ಪು. ಅಕ್ಕ ಕಳಿಸಿದ್ದು," ಎಂದರು ಪದ್ಮಿನಿ ಆಂಟಿ.

ಪಟ್ಟಿ ಪಾನಕದಲ್ಲಿ ಮುಳುಗಿತು. ಸಲ್ಫೈಟ್ ಇದ್ದರೆ ಅದರ ತುದಿ ಕೆಂಪಾಗಬೇಕು. ನಾವು ಕಾದೆವು.

ಕೆಂಪಾಗಲಿಲ್ಲ.

ಪದ್ಮಿನಿ ಆಂಟಿ ಕುರ್ಚಿಯಲ್ಲಿ ಕುಸಿದರು. "ಹಾಗಾದ್ರೆ ನನ್ನದಲ್ಲ."

"ರಾಮನಿಗೆ ಕೊಟ್ಟಿದ್ದರಲ್ಲಿ ಇಲ್ಲ," ಎಂದರು ಸರಸ್ವತಕ್ಕ. "ಅವನಿ ಕುಡಿದದ್ದು ಅದೇನಾ, ನೋಡಬೇಕು."

*

ಬಸವರಾಜ ಅಂದು ಒಂದು ದೊಡ್ಡ ಡಬ್ಬ ಜಿಲೇಬಿ ತಂದಿದ್ದರು. ಗುರುವಾರ ಮಧ್ಯಾಹ್ನದ ಫೀಕಾ, ಅಂದರೆ ಕಾಫಿ ಬಿಡುವಿನ ಹೊತ್ತಿಗೆ ಅವರ ಕಚೇರಿಯ ಕೆಳಗೆ ಸಿಕ್ಕರು.

"ನನ್ನ ಜಿಲೇಬಿ ಮೇಲೆ ಯಾಕಕ್ಕಾ ಅನುಮಾನ? ಅಂಗಡಿಯಿಂದ ತಂದದ್ದು. ಡಬ್ಬ ಇನ್ನೂ ಕಾರಲ್ಲೇ ಇದೆ."

"ಆ ಕಿತ್ತಳೆ ಬಣ್ಣ ಸೂರ್ಯನಿಂದ ಬಂದಿದ್ದಾ?"

"ಅಂಗಡಿಯವನು ಹಾಕಿದ್ದು, ನಾನಲ್ಲ."

ಸರಸ್ವತಕ್ಕ ಡಬ್ಬದ ಚೀಟಿ ಓದಿದರು. "ಇ 110. ಕೆಳಗೆ ಎಚ್ಚರಿಕೆ: ಮಕ್ಕಳ ಚಟುವಟಿಕೆ, ಗಮನದ ಮೇಲೆ ಕೆಟ್ಟ ಪರಿಣಾಮ ಬೀರಬಹುದು."

"ನನ್ನ ಮಗ ಜಿಲೇಬಿ ಇಲ್ಲದೇನೂ ಗೋಡೆ ಹತ್ತುತ್ತಾನೆ. ಅವನಿಗೆ ಯಾವ ನಂಬರ್ ಹಾಕಿದ್ದಾರೆ ಅಂತ ಗೊತ್ತಿಲ್ಲ."

"ಅವನಿ ತಿಂದಳಾ?"

"ಎಲ್ಲ ಮಕ್ಕಳ ಕೈಗೂ ಒಂದೊಂದು ಕೊಟ್ಟೆ. ತಿಂದಳೋ ಇಲ್ವೋ ನೋಡಲಿಲ್ಲ." ಬಸವರಾಜ ತಡವರಿಸಿದರು. "ಅಕ್ಕಾ... ನನ್ನದರಿಂದ ಆಗಿರಲ್ಲ ಅಲ್ವಾ?"

ಅವರ ಮುಖ ನೋಡಿ ಅರ್ಥವಾಯಿತು. ನಾಲ್ಕು ದಿನದಿಂದ ಗುಂಪಿನಲ್ಲಿದ್ದದ್ದು ಪದ್ಮಿನಿಯ ಮೇಲಿನ ಸಿಟ್ಟಿನ ಮೌನವಲ್ಲ. ಪ್ರತಿಯೊಬ್ಬರೂ ಒಳಗೊಳಗೇ ತಾವು ತಂದದ್ದನ್ನು ಲೆಕ್ಕಹಾಕುತ್ತ ಕೂತಿದ್ದರು.

*

ರಮಾನಂದರ ಮನೆಗೆ ಹೋದಾಗ ನಾಲ್ಕು ಗಂಟೆ. ಅವರು ಬಾಗಿಲಲ್ಲೇ ನಿಂತರು.

"ಪದ್ಮಿನಿ ಅವರ ಪರ ಮಾತಾಡೋಕೆ ಬಂದಿದ್ರೆ ಟೈಮ್ ವೇಸ್ಟ್ ಮಾಡ್ಬೇಡಿ ಮೇಡಂ."

"ಅವನಿ ಪರ ಮಾತಾಡೋಕೆ ಬಂದಿದ್ದೀನಿ. ಇದು ಮತ್ತೆ ಆಗಬಾರದಲ್ಲ?"

ಅವರು ಬಾಗಿಲು ಬಿಟ್ಟರು.

ಅವನಿ ಸೋಫಾದ ಮೇಲೆ ಕಾಲು ಮಡಚಿ ಚಿತ್ರ ಬರೆಯುತ್ತಿದ್ದಳು. ಲಾವಣ್ಯಾ ಕೆಲಸಕ್ಕೆ ಹೋಗಿದ್ದರು. ರಮಾನಂದ ಫೋನ್ ತೆಗೆದು ನಮ್ಮ ಮುಂದೆ ಹಿಡಿದರು. ಅವರ ಹೆಂಡತಿ ತೆಗೆದ ಫೋಟೊ: ಮೂರನೇ ಸಾಲಿನ ಮಕ್ಕಳು ಲೋಟ ಎತ್ತಿ ನಗುತ್ತಿದ್ದಾರೆ.

"ಬಣ್ಣ ನೋಡಿ. ತಿಳಿ ಟೀ ಥರ. ಬಂಗಾರದ ಬಣ್ಣದ ಬೆಲ್ಲ. ಇದಕ್ಕಿಂತ ಪ್ರೂಫ್ ಬೇಕಾ? ಆ ಬೆಲ್ಲಕ್ಕೆ ಏನು ಹಾಕ್ತಾರೆ ಅಂತ ನಾನು ಓದಿದ್ದೀನಿ."

ಸರಸ್ವತಕ್ಕ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ಡಬ್ಬಿಯ ಪಾನಕ ಡಿಕಾಕ್ಷನ್‌ನಂತಿತ್ತು. ಇದು ಅದಲ್ಲ.

ನಾನು ಬಾಯಿಬಿಟ್ಟೆ. "ಅದು... ನಾನು ನೀರು ಬೆರೆಸಿದ್ದೆ. ಸಾಲಲಿಲ್ಲ ಅಂತ. ಅದಕ್ಕೇ ಬಣ್ಣ ತೆಳುವಾಗಿದೆ."

"ನೀರು ಕುಡಿದು ಯಾರಿಗೂ ಉಸಿರು ಕಟ್ಟಲ್ಲಪ್ಪಾ," ಎಂದರು ರಮಾನಂದ, ನನ್ನ ಕಡೆ ತಿರುಗದೆ.

ಸರಸ್ವತಕ್ಕ ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ನಲ್ಲಿಯ ನೀರು, ಅಷ್ಟೇ ಎಂದುಕೊಂಡು ನಾನು ಸುಮ್ಮನಾದೆ.

"ಅವನಿ," ಎಂದು ಅವರು ಸೋಫಾದ ಪಕ್ಕದಲ್ಲಿ ನೆಲದ ಮೇಲೆ ಕೂತರು. "ಜಿಲೇಬಿ ತಿಂದ್ಯಾ?"

ಹುಡುಗಿ ಅಪ್ಪನನ್ನು ನೋಡಿ, ಎದ್ದು ಹೋಗಿ, ಜಾಕೆಟ್‌ನ ಜೇಬಿನಿಂದ ಕಾಗದದಲ್ಲಿ ಸುತ್ತಿದ್ದ ಏನನ್ನೋ ತಂದಳು. ಜಿಲೇಬಿ. ಕಾಗದಕ್ಕೆ ಅಂಟಿಕೊಂಡಿತ್ತು.

"ಬಸವರಾಜ್ ಅಂಕಲ್‌ಗೆ ಬೇಜಾರಾಗುತ್ತೆ ಅಂತ ಇಟ್ಕೊಂಡೆ. ನಂಗೆ ಇಷ್ಟ ಇಲ್ಲ."

"ಒಳ್ಳೇದಾಯ್ತು. ಕೋಸಂಬರಿ?"

"ಇನ್ನೂ ಕೊಟ್ಟಿರಲಿಲ್ಲ."

"ಪಾನಕ ಎಷ್ಟು ಕುಡಿದೆ?"

"ಎರಡು ಸಿಪ್. ಫಸ್ಟ್ ಮೂಗಿಗೆ ಬಂತು, ಆಮೇಲೆ ಇಲ್ಲಿ," ಎಂದು ಎದೆ ಮುಟ್ಟಿಕೊಂಡಳು.

"ಮೂಗಿಗೆ ಏನು ಬಂತು?"

ಅವನಿ ಯೋಚಿಸಿದಳು. ಕನ್ನಡ ಸಿಗಲಿಲ್ಲ. "ತೆಂಡ್‌ಸ್ಟಿಕ್ಕಾ," ಎಂದಳು ಸ್ವೀಡಿಷ್‌ನಲ್ಲಿ.

"ಬೆಂಕಿಕಡ್ಡಿ ಅಂತ," ಎಂದರು ರಮಾನಂದ. "ಆಂಬುಲೆನ್ಸ್‌ನಲ್ಲೂ ಅದನ್ನೇ ಹೇಳ್ತಿದ್ಲು. ದೀಪ ಹಚ್ಚಿದ ವಾಸನೆ ಇರುತ್ತಲ್ಲ, ಅದು. ಡಾಕ್ಟರ್‌ಗೂ ಹೇಳ್ದೆ, ಇವತ್ತು ಪೂಜೆ ಇತ್ತು ಅಂತ. ಸರಿ ಅಂದ್ರು."

ಸರಸ್ವತಕ್ಕ ಕಿಟಕಿಯ ಕಡೆ ತಿರುಗಿದರು. ಕಿಟಕಿಯ ಹೊರಗೆ ಛಾವಣಿಯ ಹಿಮ ಹನಿಹನಿಯಾಗಿ ಇಳಿಯುತ್ತಿತ್ತು.

"ಇದಕ್ಕೆ ಮುಂಚೆ ಹೀಗೆ ಇದ್ದಕ್ಕಿದ್ದಂತೆ ಆಗಿತ್ತಾ?"

"ಒಂದ್ಸಲ. ಹೋದ ವರ್ಷ ಸ್ಕೂಲ್ ಟ್ರಿಪ್‌ನಲ್ಲಿ. ಬಸ್ಸಿನ ಧೂಳು ಅಂದ್ಕೊಂಡ್ವಿ."

"ಬಸ್ಸಲ್ಲಿ ಏನು ತಿಂತಿದ್ದೆ ಅವನಿ?"

"ಅಪ್ರಿಕಾಟ್. ಒಣಗಿದ್ದು. ಆರೆಂಜ್ ಕಲರ್ದು."

ಸರಸ್ವತಕ್ಕ ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

"ರಮಾನಂದ್, ಇವತ್ತು ಆರು ಗಂಟೆಗೆ ಹಾಲ್‌ಗೆ ಬರ್ರಿ. ಅವನಿ ಲಾವಣ್ಯಾ ಹತ್ರ ಮನೇಲೇ ಇರ್ಲಿ. ಪದ್ಮಿನಿನೂ ಬರ್ತಾಳ, ಬಸವರಾಜನೂ. ಆಮೇಲೂ ಕಂಪ್ಲೇಂಟ್ ಕೊಡಬೇಕು ಅನಿಸಿದ್ರ ನಾನೇ ಬರಕೊಡ್ತೀನಿ."

ಧಾರವಾಡ ಹೊರಗೆ ಬಂದಿತ್ತು. ಅಂದರೆ ಅವರಿಗೆ ಗೊತ್ತಾಗಿತ್ತು.

*

ಆರು ಗಂಟೆಗೂ ಬೆಳಕು ಚೆನ್ನಾಗಿತ್ತು. ಸಭಾಂಗಣದ ಖಾಲಿ ಕುರ್ಚಿಗಳ ನಡುವೆ ಐದು ಜನ. ಪದ್ಮಿನಿ ಆಂಟಿ ಮತ್ತು ರಮಾನಂದ ಒಬ್ಬರನ್ನೊಬ್ಬರು ನೋಡಲಿಲ್ಲ.

"ಒಂದು ಪ್ರಶ್ನೆ," ಎಂದರು ಸರಸ್ವತಕ್ಕ. "ಭಾನುವಾರ ಇಲ್ಲಿ ಬೆಂಕಿಕಡ್ಡಿ ಗೀರಿದವರು ಯಾರು?"

ಬಸವರಾಜ ತಾವಲ್ಲ ಎಂದು ತಲೆಯಾಡಿಸಿದರು.

"ರಮಾನಂದ್, ನೀವು ಹೇಳ್ರಿ. ದೀಪ ಹಚ್ಚಿದ ವಾಸನೆ ಅಂದ್ರಲ್ಲ."

"ಪೂಜೆ ಅಂದ್ಮೇಲೆ ದೀಪ, ಆರತಿ..."

"ಯಾವ ದೀಪ? ಅದನ್ನ ತಂದವರು ಯಾರು?"

ರಮಾನಂದ ಮೇಲೆ ನೋಡಿದರು. ಛಾವಣಿಯಲ್ಲಿ ಹೊಗೆ ಪತ್ತೆಹಚ್ಚುವ ಬಿಳಿ ಡಬ್ಬಿಗಳು. ಆರು ವರ್ಷದ ಹಿಂದೆ ಗಣೇಶನ ಹಬ್ಬಕ್ಕೆ ಊದುಬತ್ತಿ ಹಚ್ಚಿದ್ದಕ್ಕೆ ಅಗ್ನಿಶಾಮಕದವರು ಬಂದು ನಿಂತಿದ್ದರು. ಅಂದಿನಿಂದ ಇಲ್ಲಿ ಬೆಂಕಿಯೇ ಇಲ್ಲ.

"ನಾನೇ," ಎಂದರು ಮೆಲ್ಲಗೆ. "ಬ್ಯಾಟರಿ ದೀಪ. ಇಪ್ಪತ್ನಾಲ್ಕು."

"ಕರ್ಪೂರ ಇಲ್ಲ, ಊದುಬತ್ತಿ ಇಲ್ಲ, ಕಡ್ಡಿ ಇಲ್ಲ. ಆರತಿ ಎತ್ತಿದ್ದೂ ಬ್ಯಾಟರಿಯಲ್ಲೇ. ಆದ್ರೂ ಮಗು ಬೆಂಕಿಕಡ್ಡಿ ಅಂದಾಗ ನಾವೆಲ್ಲ ಪೂಜೆ ಅಂದ್ಕೊಂಡ್ವಿ. ಹುಟ್ಟಿದಾಗಿನಿಂದ ಪೂಜೆಯ ವಾಸನೆ ನಮ್ಮ ತಲೆಯೊಳಗೇ ಇದೆ. ಇಲ್ಲದಿದ್ದರೂ ಮೂಗಿಗೆ ಬರುತ್ತೆ. ಅವನಿಯ ತಲೆಯೊಳಗೆ ಅದಿಲ್ಲ. ಅವಳಿಗೆ ನೆನಪಿರೋ ಪೂಜೆಯೆಲ್ಲ ಬ್ಯಾಟರಿದು. ಅವಳ ಮೂಗಿಗೆ ಬಂದದ್ದನ್ನೇ ಹೇಳಿದಳು. ಅದು ಬಂದದ್ದು ಲೋಟದೊಳಗಿಂದ."

"ಪಾನಕದಲ್ಲಿ ಬೆಂಕಿಕಡ್ಡಿನಾ?" ಎಂದರು ಬಸವರಾಜ.

"ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹತ್ತೋದು ಗಂಧಕದ ಅನಿಲ. ಸಲ್ಫೈಟ್ ಹುಳಿಯ ಜೊತೆ ಸೇರಿದ್ರೆ ಅದೇ ಅನಿಲ ಏಳುತ್ತೆ. ಬೆಚ್ಚಗಿದ್ರೆ ಇನ್ನೂ ಬೇಗ. ತಣ್ಣಗೆ ಕೊಟ್ಟಿದ್ರೆ ಇಷ್ಟು ಆಗ್ತಿರಲಿಲ್ಲವೇನೋ."

"ಅದನ್ನೇ ನಾನು ಹೇಳ್ತಿರೋದು," ರಮಾನಂದರ ಧ್ವನಿ ಮತ್ತೆ ಏರಿತು. "ಬೆಲ್ಲ —"

"ಬೆಲ್ಲದಲ್ಲಿ ಇಲ್ಲ. ದೇವರ ಲೋಟದ್ದನ್ನೇ ಪರೀಕ್ಷೆ ಮಾಡಿದ್ವಿ. ಕಾಡಿಗೆಯಂಥ ಕಪ್ಪು ಬೆಲ್ಲ. ನಿಮ್ಮ ಫೋಟೊದಲ್ಲಿರೋದು ಬೇರೆ ಪಾನಕ. ಮೂರನೇ ಸಾಲಿನದು." ಅವರು ನನ್ನ ಕಡೆ ತಿರುಗಿದರು. "ತಮ್ಮಾ, ನೀರು ಬೆರೆಸಿದ ಮೇಲೆ ರುಚಿ ನೋಡಿದ್ಯಾ?"

"ನೋಡಿದೆ," ಎಂದೆ. "ನೈವೇದ್ಯ ಆಗಿತ್ತಲ್ಲ."

"ಹೆಂಗಿತ್ತು?"

"ಸಪ್ಪೆ."

"ಆಮೇಲೆ ಏನು ಮಾಡಿದೆ?"

ನನಗೆ ಆಗ ಹೊಳೆಯಿತು. ಇಷ್ಟು ದಿನ ಎಲ್ಲರೂ ಪದ್ಮಿನಿ ಆಂಟಿ ಏನು ಹಾಕಿದರು ಎಂದೇ ಕೇಳುತ್ತಿದ್ದರು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ನಾನು ಎದ್ದು, ಯಾರನ್ನೂ ನೋಡದೆ, ಸಭಾಂಗಣದ ಅಡುಗೆಮನೆಗೆ ಹೋಗಿ ಫ್ರಿಜ್‌ನ ಬಾಗಿಲು ತೆರೆದೆ. ಅದು ಅಲ್ಲೇ ಇತ್ತು. ನಾನಿಟ್ಟ ಜಾಗದಲ್ಲೇ. ಹಳದಿ ಪ್ಲಾಸ್ಟಿಕ್ ಬಾಟಲಿ, ಕಾಲು ಭಾಗ ಮಾತ್ರ ಉಳಿದದ್ದು. ಹಿಂದಿನ ವಾರ ಯಾರೋ ಹಾಲ್ ಬಾಡಿಗೆಗೆ ತೆಗೆದುಕೊಂಡವರು ಮೀನಿನೂಟಕ್ಕೆ ತಂದು ಬಿಟ್ಟುಹೋಗಿದ್ದಿರಬೇಕು.

"ಆಂಟಿ ತಂದ ಕಪ್ಪು ಬೆಲ್ಲದ ಪುಡಿ ಸ್ವಲ್ಪ ಉಳಿದಿತ್ತು, ಹಾಕಿದೆ," ಎಂದೆ. "ಹುಳಿ ಬೇಕಿತ್ತು. ನಿಂಬೆಹಣ್ಣು ಒಂದೂ ಉಳಿದಿರಲಿಲ್ಲ. ಇದು ಕಾಣಿಸಿತು. ನಿಂಬೆರಸ ಅಂತ ಬರೆದಿತ್ತು. ಸುರಿದೆ. ಮಕ್ಕಳು ಕಾಯ್ತಿದ್ರು, ಕಲಕೋದಕ್ಕೂ ನಿಲ್ಲಲಿಲ್ಲ."

"ಬಾಟಲಿಯ ಹಿಂಬದಿ ಓದು," ಎಂದರು ಸರಸ್ವತಕ್ಕ.

ಓದಿದೆ. "ನಿಂಬೆರಸ, ಸಂರಕ್ಷಕ: ಇ 224."

ಸರಸ್ವತಕ್ಕ ಒಂದು ಲೋಟ ಬಿಸಿನೀರಿಗೆ ಬಾಟಲಿಯ ರಸ ಸುರಿದರು. ಪಟ್ಟಿ ಅದ್ದಿದರು. ತುದಿ ಕೆಂಪಾಯಿತು, ನಾವು ನೋಡುತ್ತಿದ್ದಂತೆಯೇ. ಆಮೇಲೆ ಲೋಟವನ್ನು ರಮಾನಂದರ ಮೂಗಿನ ಬಳಿ ಹಿಡಿದರು.

ಅವರು ಉಸಿರೆಳೆದುಕೊಂಡು ತಟ್ಟನೆ ಮುಖ ಹಿಂದೆ ಸರಿಸಿದರು. ಒಂದೇ ಮಾತು ಹೇಳಿದರು.

"ಬೆಂಕಿಕಡ್ಡಿ."

"ನಿಮ್ಮ ತಪ್ಪಿತಸ್ಥ ಚಿರಂತನ್," ಎಂದರು ಸರಸ್ವತಕ್ಕ. "ಪದ್ಮಿನಿ ಅಲ್ಲ, ಬಾಟಲಿಯೂ ಅಲ್ಲ. ಅದರ ಮೇಲೆ ಎಲ್ಲ ಬರೆದಿದೆ, ಅದು ಯಾರಿಗೂ ಸುಳ್ಳು ಹೇಳಿಲ್ಲ. ಎಂಟು ಮಕ್ಕಳು ಅದೇ ಪಾನಕ ಕುಡಿದು ಆಟಕ್ಕೆ ಓಡಿದ್ರು. ಒಂದೇ ಮಗುವಿನ ಎದೆ ಅದನ್ನ ಒಪ್ಪಲಿಲ್ಲ. ಇವನು ಓದಲಿಲ್ಲ. ನಿಂಬೆರಸ ಅಂದ್ರ ನಿಂಬೆಹಣ್ಣೇ ಅಂತ ತಿಳಕೊಂಡ. ಮನೆಯಲ್ಲಿ ಹಿಂಡಿಕೊಂಡು ಬೆಳೆದ ನಾವೆಲ್ಲ ಹಂಗೇ ತಿಳಕೊಳ್ತೀವಿ. ಹುಳಿ ಹಾಕೋದನ್ನ ಏನಾದ್ರೂ 'ಹಾಕಿದೆ' ಅಂತ ನಾವು ಲೆಕ್ಕಕ್ಕೇ ಹಿಡಿಯಲ್ಲ."

ನಾನು ಪದ್ಮಿನಿ ಆಂಟಿಯ ಎದುರು ನಿಂತೆ. ಹೇಳಬೇಕಾದದ್ದು ಬಹಳವಿತ್ತು. ಬಂದದ್ದು ಇಷ್ಟೇ: "ನಾಲ್ಕು ದಿನ ನೀವು ನನ್ನ ಜಾಗದಲ್ಲಿ ನಿಂತಿದ್ರಿ ಆಂಟಿ."

ಅವರು ನನ್ನ ತೋಳು ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಸಪ್ಪೆ ಇತ್ತಾ ನಿಜವಾಗ್ಲೂ?"

"ನೀರು ಬೆರೆಸಿದ ಮೇಲೆ."

"ಹಾಗ್ ಹೇಳು. ನನ್ನ ಅಳತೆ ತಪ್ಪಲ್ಲ."

ರಮಾನಂದ ಕಿಟಕಿಯ ಬಳಿ ನಮಗೆ ಬೆನ್ನು ಮಾಡಿ ನಿಂತಿದ್ದರು. ಫೋನ್ ಅವರ ಕೈಯಲ್ಲಿತ್ತು. ಏನನ್ನೋ ಅಳಿಸಿದರು, ಮತ್ತೇನನ್ನೋ ಬರೆದರು. ನಮ್ಮೆಲ್ಲರ ಫೋನ್‌ಗಳೂ ಒಟ್ಟಿಗೇ ಸದ್ದುಮಾಡಿದವು. "ಪದ್ಮಿನಿ ಅವರ ತಪ್ಪು ಏನೂ ಇಲ್ಲ. ನಾನು ಅವಸರಪಟ್ಟೆ. ಸೋಮವಾರ ಅವರಲ್ಲಿ ಊಟಕ್ಕೆ ಎಲ್ಲರೂ ಬನ್ನಿ. ನಾನು ಬರ್ತಿದ್ದೀನಿ, ಅವರು ಒಳಗೆ ಬಿಟ್ಟರೆ."

ಪದ್ಮಿನಿ ಆಂಟಿ ಓದಿದರು. ಕಣ್ಣು ಒರೆಸಿಕೊಂಡರು.

"ಬಿಡ್ತೀನಿ," ಎಂದರು ಅವರ ಬೆನ್ನಿಗೆ. "ಪಾತ್ರೆ ತೊಳೆಯೋಕೆ ಜನ ಬೇಕು."

"ಡಾಕ್ಟರ್‌ಗೆ ಎರಡನ್ನೂ ಹೇಳ್ರಿ ರಮಾನಂದ್," ಎಂದರು ಸರಸ್ವತಕ್ಕ. "ಈ ಬಾಟಲಿ, ಆ ಅಪ್ರಿಕಾಟ್. ನಾನು ಅಡುಗೆಯವಳು, ವೈದ್ಯೆಯಲ್ಲ. ಖಚಿತ ಮಾಡಬೇಕಾದವರು ಅವರು. ಆದ್ರ ಇಷ್ಟು ದಿನ ನೀವು ಗಾಳಿಗೆ, ಧೂಳಿಗೆ, ಹೊರಗಿನ ಊಟಕ್ಕೆಲ್ಲ ಹೆದರ್ತಿದ್ರಿ. ಈಗ ಹೆದರಿಕೆಗೆ ಒಂದು ಹೆಸರು ಸಿಕ್ಕಿರಬಹುದು. ಹೆಸರಿದ್ರ ಓದಬಹುದು."

*

ಸೋಮವಾರ ಹನ್ನೊಂದಕ್ಕೇ ನಾಲ್ಕು ಮೇಜೂ ತುಂಬಿದವು. ಬಾಗಿಲಲ್ಲಿ ಎಪ್ಪತ್ತು ಜಾಕೆಟ್ ಹಿಡಿಯುವಷ್ಟು ಗೂಟಗಳಿರಲಿಲ್ಲ.

ಅವನಿಯ ಇನ್‌ಹೇಲರ್ ಈಗ ಅವಳ ಕೊರಳಲ್ಲಿತ್ತು, ಪುಟ್ಟ ಚೀಲದಲ್ಲಿ. ಡಾಕ್ಟರ್ ಕತೆ ಪೂರ್ತಿ ಕೇಳಿ, ಸಾಧ್ಯವಿದೆ ಎಂದು ಮುಂದಿನ ತಿಂಗಳು ಪರೀಕ್ಷೆಗೆ ದಿನ ಕೊಟ್ಟಿದ್ದರು. ಅಲ್ಲಿಯವರೆಗೆ ಆ ಒಂಬತ್ತು ನಂಬರುಗಳಿಂದ ದೂರ. ಅವಳು ಅವನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಪದ್ಮಿನಿ ಆಂಟಿಯ ಅಡುಗೆಮನೆಯ ಕಪಾಟುಗಳನ್ನು ತಪಾಸಣೆ ಮಾಡುತ್ತಿದ್ದಳು.

"ಇದು ಓಕೆ. ಇದು ಓಕೆ. ಈ ದ್ರಾಕ್ಷಿ ಬೇಡ ಆಂಟಿ, ಇದರಲ್ಲಿ ಇ 220 ಇದೆ."

"ಅಯ್ಯೋ, ಪಾಯಸಕ್ಕೆ ತಂದಿದ್ದೆ."

"ಕಪ್ಪು ದ್ರಾಕ್ಷಿ ತನ್ನಿ. ಆದ್ರೆ ತೋರಿಸಿ ಫಸ್ಟ್."

"ಕೊಮ್ಯೂನ್‌ನವರೇ ಇದಕ್ಕಿಂತ ವಾಸಿ," ಎಂದು ಪದ್ಮಿನಿ ಆಂಟಿ ಗೊಣಗಿದರು. ದ್ರಾಕ್ಷಿಯನ್ನು ಪಕ್ಕಕ್ಕಿಟ್ಟರು.

ರಮಾನಂದ ತೋಳು ಮಡಚಿಕೊಂಡು ತಟ್ಟೆ ತೊಳೆಯುತ್ತಿದ್ದರು. ನಾನು ಮೂಲೆಯಲ್ಲಿ ನಿಂತು ನಿಂಬೆಹಣ್ಣು ಹಿಂಡುತ್ತಿದ್ದೆ. ಇನ್ನು ಆರು ತಿಂಗಳು ಪ್ರತಿ ಸೋಮವಾರ ಅದೇ ನನ್ನ ಕೆಲಸ ಎಂದು ತೀರ್ಪಾಗಿತ್ತು, ಬೆರಳು ಉರಿಯುತ್ತಿತ್ತು. ಅಂದು ಅರ್ಧಕ್ಕೆ ನಿಂತ ಪಾನಕವನ್ನು ಇಂದು ಪೂರ್ತಿ ಕೊಡುತ್ತೇನೆ ಎಂದಿದ್ದರು ಪದ್ಮಿನಿ ಆಂಟಿ.

ಮೊದಲ ಲೋಟ ಅವನಿಯ ಕೈಗೆ ಬಂತು. ಡಿಕಾಕ್ಷನ್‌ನಷ್ಟು ಕಪ್ಪು, ಆವಿಯಾಡುತ್ತಿತ್ತು. ರಮಾನಂದರ ಕೈ ನೊರೆಯಲ್ಲೇ ನಿಂತಿತು. ನಲ್ಲಿ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

ಅವಳು ಮೂಗು ಲೋಟದ ಬಳಿ ತಂದಳು. ಒಂದು ಸಲ. ಇನ್ನೊಂದು ಸಲ. ಆಮೇಲೆ ನನ್ನ ಕಡೆ ನೋಡಿದಳು.

"ಏಲಕ್ಕಿ," ಎಂದಳು, ಕನ್ನಡದಲ್ಲಿ.

ಕುಡಿದಳು. ಎರಡು ನಿಮಿಷ ಕಳೆಯಿತು. ಐದು ನಿಮಿಷ. ಖಾಲಿ ಲೋಟವನ್ನು ಅಪ್ಪನ ಮುಂದೆ ತೊಟ್ಟಿಯಲ್ಲಿಟ್ಟು, ಮುಂದಿನ ಕಪಾಟಿನ ಬಾಗಿಲು ತೆರೆದಳು.